ಗಿಟಾರ್ ಸುಮ್ಮನಿದ್ದರೂ ಸುಮ್ಮನಿರದ ಸದ್ದು

ಈ ಸಲ ಬಂದ ಪತ್ರಗಳಲ್ಲಿ ಎಲೆಕ್ಟ್ರಿಕ್ ಗಿಟಾರ್ ನುಡಿಸುವವರವೇ ಹೆಚ್ಚು. ತಂತಿಯನ್ನು ಮುಟ್ಟದೆ ಇದ್ದಾಗಲೂ ಸ್ಪೀಕರಿನಿಂದ ಗುಂಯ್ ಎಂದು ಬರುವ ಸದ್ದಿನ ಬಗ್ಗೆಯೇ ಅವರಲ್ಲಿ ಬಹಳ ಜನ ಕೇಳಿದ್ದಾರೆ. ಆದ್ದರಿಂದ ಈ ಸಂಚಿಕೆಯ ಅಂಕಣವನ್ನು ಪೂರ್ತಿಯಾಗಿ ಅದಕ್ಕೇ ಬಿಟ್ಟುಕೊಟ್ಟಿದ್ದೇವೆ.

ಪ್ರಶ್ನೆ: ನಾನು ಒಂದು ಆರ್ಕೆಸ್ಟ್ರಾ ತಂಡದಲ್ಲಿ ಗಿಟಾರ್ ನುಡಿಸುತ್ತೇನೆ. ನನ್ನ ಗಿಟಾರಿನಲ್ಲಿ ತಂತಿಯ ಕಂಪನವನ್ನು ಹಿಡಿಯುವ, ಒಂದೊಂದೇ ಸುರುಳಿಯಿರುವ ಮೂರು ಸಿಂಗಲ್ ಕಾಯಿಲ್ ಪಿಕಪ್‌ಗಳಿವೆ. ವಾ, ಕಂಪ್ರೆಸರ್, ಓವರ್‌ಡ್ರೈವ್, ಡಿಸ್ಟಾರ್ಷನ್, ಕೋರಸ್ ಮತ್ತು ಡಿಜಿಟಲ್ ಡಿಲೇ ಎಂಬ, ನಾದವನ್ನು ಬದಲಿಸಲು ಕಾಲಿನಿಂದ ಒತ್ತುವ ಆರು ಪೆಡಲ್‌ಗಳಿಗೂ ಒಂದೇ 9 ವೋಲ್ಟ್ ಅಡಾಪ್ಟರಿನಿಂದ ಕವಲೊಡೆದ ವೈರಿನಲ್ಲಿ ಕರೆಂಟು ಕೊಟ್ಟಿದ್ದೇನೆ. ಎಲ್ಲ ಪೆಡಲ್ ಆಫ್ ಇದ್ದಾಗಲೂ ಸಣ್ಣದಾಗಿ ಗುಂಯ್ ಎನ್ನುತ್ತದೆ. ಡಿಸ್ಟಾರ್ಷನ್ ಒತ್ತಿದರಂತೂ ಹಾಡಿನ ನಡುವಿನ ಮೌನವೆಲ್ಲ ಕೆಡುತ್ತದೆ. ಅಂಗಡಿಯವರು ದುಬಾರಿ ಪವರ್ ಸಪ್ಲೈ ಕೊಳ್ಳಿ ಎನ್ನುತ್ತಾರೆ, ಗೆಳೆಯರು ಪಿಕಪ್ ಬದಲಿಸು ಎನ್ನುತ್ತಾರೆ. ಯಾವುದನ್ನು ಮಾಡಲಿ?
— ದಾವಣಗೆರೆಯ ಓದುಗರು

ಉತ್ತರ: ಸದ್ಯಕ್ಕೆ ಎರಡನ್ನೂ ಮಾಡಬೇಡಿ. ಸದ್ದು ಎಲ್ಲಿ ಹುಟ್ಟುತ್ತಿದೆ ಎಂದು ತಿಳಿಯುವ ಮೊದಲು ಕೊಂಡ ಸಾಮಾನು ಹತ್ತರಲ್ಲಿ ಏಳೆಂಟು ಸಲ ಪೆಟ್ಟಿಗೆಯಲ್ಲೇ ಉಳಿದುಹೋಗುವುದನ್ನು ನಾನು ಇಷ್ಟು ವರ್ಷಗಳಲ್ಲಿ ಕಂಡಿದ್ದೇನೆ. ಅದರಲ್ಲೂ ನಿಮ್ಮ ಪತ್ರವನ್ನು ಓದಿದರೆ ಒಂದಲ್ಲ, ಎರಡು ಮೂರು ಸದ್ದುಗಳು ಒಟ್ಟಿಗೆ ಕೂಡಿಕೊಂಡಿರುವಂತೆ ಕಾಣುತ್ತದೆ.

ಮೊದಲು ಆ ಸದ್ದಿನ ಶ್ರುತಿಯನ್ನು ಗುರುತಿಸಿ. ನಮ್ಮ ಮನೆಗಳಿಗೆ ಬರುವ ವಿದ್ಯುತ್ತು 230 ವೋಲ್ಟಿನದು, ಸೆಕೆಂಡಿಗೆ 50 ಆವರ್ತನದ್ದು. ಗಿಟಾರಿನ ಆರನೆಯ ತಂತಿಯನ್ನು ಮೂರನೆಯ ಫ್ರೆಟ್ಟಿನಲ್ಲಿ ಒತ್ತಿ ಮೀಟಿದರೆ ಬರುವ ಜಿ ಸ್ವರ 98 ಹರ್ಟ್ಸ್‌ನದು. ನಿಮ್ಮ ಗುಂಯ್ ಸದ್ದು ಆ ಸ್ವರಕ್ಕೆ ಕೂದಲೆಳೆಯಷ್ಟು ಮೇಲೆ ನಿಂತಿದ್ದರೆ ಅದು 100 ಹರ್ಟ್ಸ್‌ನ ಸದ್ದು. ಎಸಿಯನ್ನು ಡಿಸಿ ಮಾಡುವಾಗ ಪೂರ್ತಿಯಾಗಿ ಸಮವಾಗದೆ ಉಳಿದ ಅಲೆ ಹೊರಡಿಸುವ ಸದ್ದು ಅದೇ ಆದ್ದರಿಂದ, ಅಡಾಪ್ಟರನ್ನೋ ಆಂಪ್ಲಿಫೈಯರಿನೊಳಗಿನ ಹಳೆಯ ಕೆಪಾಸಿಟರುಗಳನ್ನೋ ಅನುಮಾನಿಸಬೇಕು. ಅದಕ್ಕಿಂತ ಒಂದು ಸ್ಥಾಯಿ ಕೆಳಗೆ, ಕಿವಿಗಿಂತ ಎದೆಗೆ ಹೆಚ್ಚು ತಿಳಿಯುವಂತಿದ್ದರೆ ಅದು 50 ಹರ್ಟ್ಸ್‌ನದು. ಪಿಕಪ್ ಹಿಡಿಯುವ ಕಾಂತಕ್ಷೇತ್ರದಿಂದಲೋ ಗ್ರೌಂಡ್ ಲೂಪಿನಿಂದಲೋ (ಅದನ್ನು ಕೊನೆಯ ಉತ್ತರದಲ್ಲಿ ವಿವರಿಸಿದೆ) ಅದು ಬರುತ್ತದೆ. ಗಿಟಾರ್ ಸ್ಪೀಕರುಗಳು ಅಷ್ಟು ತಗ್ಗಿನ ಸದ್ದನ್ನು ಚೆನ್ನಾಗಿ ಹೊರಡಿಸುವುದಿಲ್ಲವಾದ್ದರಿಂದ ಸಣ್ಣ ಆಂಪಿನಲ್ಲಿ ಈ ಪರೀಕ್ಷೆ ಅಂದಾಜು ಮಾತ್ರ ಎಂಬುದು ನೆನಪಿರಲಿ. ದುಂಡಗಿನ ಗುಂಯ್ ಅಲ್ಲದೆ ಜೀರುಂಡೆಯಂತೆ ಒರಟಾಗಿ ಜುರ್ ಎನ್ನುತ್ತಿದ್ದರೆ ಕೋಣೆಯ ಫ್ಯಾನಿನ ರೆಗ್ಯುಲೇಟರನ್ನು ನೋಡಿ. ಗುಂಡಿ ತಿರುಗಿಸಿದಷ್ಟೂ ವೇಗ ನಯವಾಗಿ ಏರಿಳಿಯುವ ಎಲೆಕ್ಟ್ರಾನಿಕ್ ರೆಗ್ಯುಲೇಟರು ವಿದ್ಯುತ್ತಿನ ಪ್ರತಿ ಅಲೆಯನ್ನೂ ನಡುವೆ ಕತ್ತರಿಸಿ ಕಳುಹಿಸುತ್ತದೆ, ಆ ಕತ್ತರಿಸಿದ ಅಂಚನ್ನು ಸಿಂಗಲ್ ಕಾಯಿಲ್ ಪಿಕಪ್ ತಪ್ಪದೆ ಹಿಡಿಯುತ್ತದೆ. ಹಲವರ ಮನೆಯಲ್ಲಿ ಫ್ಯಾನನ್ನು ಪೂರ್ತಿ ಆರಿಸಿದ ಕ್ಷಣದಲ್ಲೇ ಅರ್ಧ ತೊಂದರೆ ಮುಗಿದದ್ದುಂಟು. ಕರೆಂಟು ಹೋಗಿ ಯುಪಿಎಸ್ ಮೇಲೆ ನಡೆಯುವಾಗ ಮಾತ್ರ ಸದ್ದು ಹೆಚ್ಚಾಗುವುದಾದರೆ ಆ ಯುಪಿಎಸ್ ಸೈನ್ ವೇವ್ ಅಲ್ಲದೆ ಸ್ಕ್ವೇರ್ ವೇವ್ ಬಗೆಯದು ಎಂದು ತಿಳಿಯಬಹುದು.

ಎರಡನೆಯ ಹೆಜ್ಜೆಯೆಂದರೆ ಎಲ್ಲವನ್ನೂ ಕಳಚಿ, ಒಂದೊಂದನ್ನೇ ಸೇರಿಸುತ್ತಾ ಬರುವುದು. ಇದಕ್ಕೆ ಅರ್ಧ ಗಂಟೆ ಸಾಕು, ಆದರೆ ಅವಸರ ಕೂಡದು. ಆಂಪಿಗೆ ಯಾವ ಕೇಬಲನ್ನೂ ಚುಚ್ಚದೆ ಆನ್ ಮಾಡಿ, ವಾಲ್ಯೂಮನ್ನು ನೀವು ಎಂದಿನಂತೆ ನುಡಿಸುವ ಮಟ್ಟಕ್ಕೆ ತನ್ನಿ. ಆಗಲೂ ಗುಂಯ್ ಎಂದರೆ ತಪ್ಪು ಆಂಪಿನದು, ಪೆಡಲ್‌ಗಳ ಕಡೆಗೆ ನೋಡುವುದೇ ಬೇಡ. ಮೌನವಾಗಿದ್ದರೆ ಗಿಟಾರನ್ನು ಒಂದೇ ಕೇಬಲಿನಿಂದ ನೇರವಾಗಿ ಆಂಪಿಗೆ ಸೇರಿಸಿ. ಈ ಹಂತದಲ್ಲಿ ಸದ್ದು ಬಂದರೆ ಗಿಟಾರನ್ನು ಹಿಡಿದುಕೊಂಡು ನಿಂತಲ್ಲೇ ನಿಧಾನವಾಗಿ ಒಂದು ಸುತ್ತು ತಿರುಗಿ. ಒಂದು ದಿಕ್ಕಿಗೆ ಸದ್ದು ಏರಿ ಇನ್ನೊಂದು ದಿಕ್ಕಿಗೆ ಬಹುತೇಕ ಅಡಗಿದರೆ ಪಿಕಪ್ ಕಾಂತಕ್ಷೇತ್ರವನ್ನು ಹಿಡಿಯುತ್ತಿದೆ ಎಂದೇ ಅರ್ಥ. ಇದು ದೋಷವಲ್ಲ, ಆ ಪಿಕಪ್ಪಿನ ಗುಣ. ತಂತಿಯ ಕಂಪನವನ್ನು ಹಿಡಿಯಲು ಸುತ್ತಿದ ಸುರುಳಿ ಪಕ್ಕದ ಟ್ರಾನ್ಸ್‌ಫಾರ್ಮರಿನ ಕಾಂತಕ್ಷೇತ್ರವನ್ನೂ ಹಿಡಿಯುತ್ತದೆ.

ಗಿಬ್ಸನ್ ಕಂಪನಿಯ ಎಂಜಿನಿಯರ್ ಸೇತ್ ಲವರ್ ಈ ಕಾಟಕ್ಕೆ ಪರಿಹಾರವಾಗಿಯೇ ವಿರುದ್ಧ ದಿಕ್ಕಿನಲ್ಲಿ ಕೆಲಸ ಮಾಡುವ ಎರಡು ಸುರುಳಿಗಳನ್ನು ಜೊತೆಯಾಗಿಸಿ ಹಂಬಕರ್ ಪಿಕಪ್ಪನ್ನು ರೂಪಿಸಿದರು. 1955ರಲ್ಲಿ ಅರ್ಜಿ ಹಾಕಿದ ಅವರಿಗೆ ಪೇಟೆಂಟ್ ದೊರೆತದ್ದು 1959ರಲ್ಲಿ. ಹೊರಗಿನ ಗುಂಯ್ ಎರಡು ಸುರುಳಿಗಳಲ್ಲೂ ಒಂದಕ್ಕೊಂದು ಎದುರಾಗಿ ಹುಟ್ಟಿ ಅಳಿಯುತ್ತದೆ, ಆದರೆ ಕಾಂತಧ್ರುವಗಳೂ ಅದಲುಬದಲಾಗಿರುವುದರಿಂದ ತಂತಿಯ ನಾದ ಮಾತ್ರ ಕೂಡಿಕೊಳ್ಳುತ್ತದೆ. ನಿಮ್ಮ ಗೆಳೆಯರು ಹೇಳುತ್ತಿರುವುದು ಇದನ್ನೇ. ಆದರೆ ನಿಮ್ಮ ಗಿಟಾರಿನಲ್ಲೇ ಆ ಅನುಕೂಲ ಈಗಾಗಲೇ ಇರಬಹುದು. ಈಗ ಬರುವ ಮೂರು ಸಿಂಗಲ್ ಕಾಯಿಲ್ ಗಿಟಾರುಗಳಲ್ಲಿ ಹೆಚ್ಚಿನವುಗಳ ನಡುವಿನ ಪಿಕಪ್ಪನ್ನು ಉಳಿದೆರಡಕ್ಕೆ ವಿರುದ್ಧವಾಗಿ ಸುತ್ತಿರುತ್ತಾರೆ. ಪಿಕಪ್ ಆರಿಸುವ ಐದು ಸ್ಥಾನದ ಸ್ವಿಚ್ಚನ್ನು, ನಡುವಿನ ಪಿಕಪ್ ಪಕ್ಕದ ಇನ್ನೊಂದರ ಜೊತೆ ಕೂಡುವ ಎರಡನೆಯ ಅಥವಾ ನಾಲ್ಕನೆಯ ಸ್ಥಾನಕ್ಕೆ ತಂದು ನೋಡಿ. ಸದ್ದು ಥಟ್ಟನೆ ಇಳಿದರೆ ಹೆಚ್ಚು ಗೇನ್ (ಸಿಗ್ನಲ್ಲನ್ನು ಹಿಗ್ಗಿಸುವ ಪ್ರಮಾಣ) ಬೇಕಾದ ಹಾಡುಗಳನ್ನು ಆ ಸ್ಥಾನಗಳಲ್ಲಿ ನುಡಿಸಿ. ಸಿಂಗಲ್ ಕಾಯಿಲ್‌ನ ತೆಳುವಾದ, ಹೊಳೆಯುವ ನಾದವನ್ನು ಸುಲಭವಾಗಿ ಬಿಟ್ಟುಕೊಡಬೇಡಿ ಎಂದು ನಾನು ಮನಸಾರೆ ಹೇಳುತ್ತೇನೆ.

ಇನ್ನು ಪೆಡಲ್‌ಗಳ ಸರದಿ. 9 ವೋಲ್ಟಿನ ಹೊಸ ಬ್ಯಾಟರಿಯೊಂದನ್ನು ತಂದು ಓವರ್‌ಡ್ರೈವ್ ಪೆಡಲಿಗೆ ಹಾಕಿ, ಅಡಾಪ್ಟರನ್ನು ಗೋಡೆಯಿಂದಲೇ ಕಿತ್ತು, ಅದೊಂದನ್ನೇ ಗಿಟಾರ್ ಮತ್ತು ಆಂಪಿನ ನಡುವೆ ಇಟ್ಟು ಕೇಳಿ. ಆಮೇಲೆ ಬ್ಯಾಟರಿ ತೆಗೆದು ಅದೇ ಪೆಡಲನ್ನು ಅಡಾಪ್ಟರಿನಿಂದ ನಡೆಸಿ ಕೇಳಿ. ಬ್ಯಾಟರಿಯಲ್ಲಿ ಶುದ್ಧವಾಗಿದ್ದು ಅಡಾಪ್ಟರಿನಲ್ಲಿ ಗುಂಯ್ ಎಂದರೆ ಅಡಾಪ್ಟರ್ ಕೆಟ್ಟದ್ದು. ಒಂಟಿಯಾಗಿದ್ದಾಗ ಅಡಾಪ್ಟರಿನಲ್ಲೂ ಶುದ್ಧವಾಗಿದ್ದು, ಕವಲು ವೈರಿನಲ್ಲಿ ಡಿಲೇಯನ್ನು ಜೊತೆಗೆ ಸೇರಿಸಿದೊಡನೆ ಸೊಳ್ಳೆಯಂಥ ಸಣ್ಣ ಕೀರಲು ದನಿ ಎದ್ದರೆ ಅದು ಡಿಲೇಯೊಳಗಿನ ಡಿಜಿಟಲ್ ಚಿಪ್ಪಿನ ಗಡಿಯಾರದ ಸದ್ದು. ಒಂದೇ ವೈರಿನ ಮೂಲಕ ಹಿಂದಿರುಗಿ ಬರುವ ಅದು ಡಿಸ್ಟಾರ್ಷನ್ ಪೆಡಲನ್ನು ಹೊಕ್ಕು ನೂರು ಪಟ್ಟು ಬೆಳೆಯುತ್ತದೆ. ಅಂಗಡಿಯವರು ಹೇಳಿದ ದುಬಾರಿ ಪವರ್ ಸಪ್ಲೈಯ ಪ್ರತಿಯೊಂದು ಔಟ್‌ಪುಟ್ಟೂ ಬೇರೆಬೇರೆಯಾಗಿರುವುದರಿಂದ ಈ ರೋಗಕ್ಕೆ ಅದು ನಿಜವಾದ ಮದ್ದೇ. ಆದರೂ ಮೊದಲು ಡಿಲೇಗೆ ಮಾತ್ರ ಪ್ರತ್ಯೇಕ ಅಡಾಪ್ಟರ್ ಕೊಟ್ಟು ನೋಡಿ. ನಿಮ್ಮ ಪಟ್ಟಿಯಲ್ಲಿ ಡಿಜಿಟಲ್ ಪೆಡಲ್ ಎಂದು ನೀವು ಬರೆದಿರುವುದು ಅದೊಂದೇ ಆದ್ದರಿಂದ ಅಷ್ಟರಲ್ಲೇ ಮುಗಿದರೂ ಮುಗಿಯಬಹುದು.

ಆ ಪ್ರತ್ಯೇಕ ಅಡಾಪ್ಟರಿಗಾಗಿ ಮನೆಯ ವೈಫೈ ರೂಟರಿನದನ್ನು ಮಾತ್ರ ಕಿತ್ತು ತರಬೇಡಿ. ಪೆಡಲ್‌ಗಳಲ್ಲಿ ಬಹುತೇಕ ಎಲ್ಲವೂ ಪಿನ್ನಿನ ನಡುಭಾಗ ನೆಗೆಟಿವ್ ಇರುವ 9 ವೋಲ್ಟನ್ನು ಬೇಡುತ್ತವೆ, ರೂಟರ್ ಅಡಾಪ್ಟರುಗಳದು ಸಾಮಾನ್ಯವಾಗಿ ನಡುಭಾಗ ಪಾಸಿಟಿವ್, ಅದರಲ್ಲೂ ಅನೇಕವು 12 ವೋಲ್ಟಿನವು. ಪಿನ್ನು ಚೆನ್ನಾಗಿಯೇ ಕೂತುಕೊಳ್ಳುತ್ತದೆ, ಪೆಡಲು ಸುಟ್ಟುಹೋಗುತ್ತದೆ.

ನಿಮ್ಮ ವಾ ಪೆಡಲಿನ ಬಗ್ಗೆ ಒಂದು ಮಾತು ಬೇರೆಯಾಗಿ ಹೇಳಬೇಕು. ಹಿಂದೊಮ್ಮೆ ನನ್ನ ಸ್ವಂತ ಬೋರ್ಡಿನಲ್ಲಿ ವಾ ಆನ್ ಮಾಡಿದಾಗ ಮಾತ್ರ ಗುಂಯ್ ಬರುತ್ತಿತ್ತು. ಎರಡು ಸಂಜೆ ಕೂತು ಕೇಬಲ್‌ಗಳನ್ನೆಲ್ಲ ಬದಲಿಸಿದೆ, ಜ್ಯಾಕ್‌ಗಳನ್ನು ಬಿಚ್ಚಿ ಮತ್ತೆ ಬೆಸೆದೆ, ಏನೂ ಆಗಲಿಲ್ಲ. ಕೊನೆಗೆ ಬೋರ್ಡನ್ನು ಒರೆಸಲೆಂದು ವಾ ಪೆಡಲನ್ನು ಕೈಗೆತ್ತಿಕೊಂಡೆ, ಮೇಲೆ ಏರಿದಂತೆ ಸದ್ದು ಇಳಿಯಿತು, ಕೆಳಗಿಟ್ಟರೆ ಮತ್ತೆ ಬಂತು. ಅದರ ಪಕ್ಕದಲ್ಲೇ ಕಬ್ಬಿಣದ ಟ್ರಾನ್ಸ್‌ಫಾರ್ಮರ್ ಇರುವ ಭಾರದ ಅಡಾಪ್ಟರನ್ನು ಟೇಪಿನಿಂದ ಅಂಟಿಸಿದ್ದೆ. ಹೆಚ್ಚಿನ ವಾ ಪೆಡಲ್‌ಗಳ ಒಳಗೆ ಇಂಡಕ್ಟರ್ ಎಂಬ ಸಣ್ಣ ಸುರುಳಿಯಿರುತ್ತದೆ, ಅದೂ ಪಿಕಪ್ಪಿನಂತೆಯೇ ಕಾಂತಕ್ಷೇತ್ರವನ್ನು ಹಿಡಿಯುತ್ತದೆ. ಅಡಾಪ್ಟರನ್ನು ಎರಡು ಗೇಣು ಆಚೆ ಸರಿಸಿದ ಮೇಲೆ ಆ ಸದ್ದು ಮತ್ತೆ ಕೇಳಿಸಲಿಲ್ಲ. ನೀವೂ ವಾ ಪೆಡಲನ್ನು ಹಾಗೆ ಕೈಯಲ್ಲೆತ್ತಿ ನೋಡಿ.

ಉಳಿದದ್ದು ಗೇನ್ ವಿಚಾರ. ಕಂಪ್ರೆಸರ್ ಸಣ್ಣ ಸದ್ದನ್ನು ಎತ್ತಿಕೊಡುತ್ತದೆ, ಓವರ್‌ಡ್ರೈವ್ ಅದನ್ನು ಹಿಗ್ಗಿಸುತ್ತದೆ, ಡಿಸ್ಟಾರ್ಷನ್ ಇನ್ನೂ ಹಿಗ್ಗಿಸುತ್ತದೆ. ಈ ಮೂರನ್ನೂ ಒಟ್ಟಿಗೆ ಒತ್ತಿದಾಗ ಗಿಟಾರಿನಿಂದ ಬಂದ ಅತಿ ಚಿಕ್ಕ ಗುಂಯ್ ಕೂಡ ಗುಡುಗಾಗುವುದು ಸಹಜ. ಗೇನ್ ಗುಂಡಿಯನ್ನು ಸ್ವಲ್ಪ ಇಳಿಸಿ ಲೆವೆಲ್ ಏರಿಸಿದರೆ ಕೇಳುಗರಿಗೆ ವ್ಯತ್ಯಾಸ ತಿಳಿಯುವುದೇ ಅಪರೂಪ, ಸದ್ದು ಮಾತ್ರ ಗಣನೀಯವಾಗಿ ತಗ್ಗುತ್ತದೆ.

ಪ್ರಶ್ನೆ: ನನ್ನ ಮಗಳು ಪಿಯುಸಿ ಓದುತ್ತಾ ಗಿಟಾರ್ ಕಲಿಯುತ್ತಿದ್ದಾಳೆ. ತಂತಿಯನ್ನು ಮುಟ್ಟಿದರೆ ಗುಂಯ್ ಸದ್ದು ನಿಲ್ಲುತ್ತದೆ, ಕೈ ತೆಗೆದರೆ ಮತ್ತೆ ಬರುತ್ತದೆ. ಅವಳ ಮೈಯಲ್ಲಿ ಕರೆಂಟು ಹರಿಯುತ್ತಿದೆಯೇ ಎಂಬ ಭಯ ನನಗೆ.
— ಮಂಗಳೂರಿನ ಓದುಗರು

ಉತ್ತರ: ಹಾಗಲ್ಲ, ಗಾಬರಿಯಾಗಬೇಡಿ. ಗೋಡೆಯ ವೈರುಗಳ ಸುತ್ತಲಿನ ವಿದ್ಯುತ್ ಕ್ಷೇತ್ರವನ್ನು ನಮ್ಮ ಶರೀರ ಆಂಟೆನಾದಂತೆ ಹಿಡಿದು, ಹತ್ತಿರದಲ್ಲೇ ಇರುವ ಗಿಟಾರಿನೊಳಗಿನ ವೈರುಗಳಿಗೆ ದಾಟಿಸುತ್ತದೆ. ಗಿಟಾರಿನ ತಂತಿಗಳು ಅವುಗಳನ್ನು ಹೊತ್ತ ಬ್ರಿಜ್ ಮೂಲಕ ಗ್ರೌಂಡಿಗೆ, ಅಂದರೆ ಕೇಬಲಿನ ಹೊರಗವಚದಿಂದ ಆಂಪಿನ ಅರ್ತಿಗೆ, ಸೇರಿರುವುದರಿಂದ ಅವಳು ತಂತಿ ಮುಟ್ಟಿದೊಡನೆ ಅವಳ ಶರೀರವೂ ಗ್ರೌಂಡಿಗೆ ಸೇರಿ, ಸದ್ದನ್ನು ಹರಡುತ್ತಿದ್ದದ್ದೇ ಸದ್ದಿಗೆ ಮರೆಯಾಗಿ ನಿಲ್ಲುತ್ತದೆ. ಅಷ್ಟರಮಟ್ಟಿಗೆ ಗಿಟಾರಿನ ವೈರಿಂಗ್ ಸರಿಯಾಗಿಯೇ ಇದೆ ಎಂದಾಯಿತು. ಗಿಟಾರಿನೊಳಗೆ ವೈರುಗಳು ಕೂರುವ ಗುಳಿಯ ಒಳಮೈಗೆ ತಾಮ್ರದ ಹಾಳೆ ಅಂಟಿಸಿ, ಅದನ್ನು ಗ್ರೌಂಡಿಗೆ ಬೆಸೆದರೆ ಈ ಬಗೆಯ ಸದ್ದು ಬಹಳ ಕಡಿಮೆಯಾಗುತ್ತದೆ. ಹಾಳೆಯನ್ನು ಅಂಟಿಸಿ ಬೆಸುಗೆ ಹಾಕದೆ ಬಿಟ್ಟರೆ ಏನೂ ಪ್ರಯೋಜನವಿಲ್ಲ. ಮೇಲಿನ ಪತ್ರದಲ್ಲಿ ಹೇಳಿದ, ತಿರುಗಿದಂತೆ ಏರಿಳಿಯುವ ಕಾಂತಕ್ಷೇತ್ರದ ಗುಂಯ್ ಮಾತ್ರ ತಾಮ್ರದ ಹಾಳೆಗೆ ಬಗ್ಗುವುದಿಲ್ಲ.

ಇದಕ್ಕೆ ತಿರುಗುಮುರುಗಾಗಿ ತಂತಿ ಮುಟ್ಟಿದಾಗ ಸದ್ದು ಹೆಚ್ಚಾದರೆ ಜ್ಯಾಕಿನಲ್ಲಿ ಎರಡು ವೈರುಗಳು ಅದಲುಬದಲಾಗಿರುವ ಸಾಧ್ಯತೆಯಿದೆ. ಜ್ಯಾಕಿನ ತಟ್ಟೆಯ ಎರಡು ಸ್ಕ್ರೂಗಳನ್ನು ಬಿಚ್ಚಿ ನೋಡಿ. ಒಳ್ಳೆಯ ಬೆಸುಗೆ ಹೊಳೆಯುತ್ತಾ, ವೈರನ್ನು ತಬ್ಬಿಕೊಂಡು ಇಳಿಜಾರಾಗಿ ಹರಡಿರುತ್ತದೆ. ಕೆಟ್ಟದ್ದು ಬೂದಿ ಬಣ್ಣದಲ್ಲಿ, ಗೋಲಿಯಂತೆ ಮೇಲೆ ಕೂತಿರುತ್ತದೆ, ಉಗುರಿನಿಂದ ಮೀಟಿದರೆ ವೈರು ಅಲುಗುತ್ತದೆ. ಮುಟ್ಟಿದಾಗ ಎಷ್ಟೇ ಸಣ್ಣದಾಗಿಯಾದರೂ ಜುಮ್ಮೆಂದರೆ ಅದು ಬೇರೆಯೇ ಸಂಗತಿ. ಆಗ ಆಂಪನ್ನು ಆರಿಸಿ, ಎಲೆಕ್ಟ್ರಿಷಿಯನ್ನರನ್ನು ಕರೆಸಿ ಪ್ಲಗ್ಗಿನ ಅರ್ತಿಂಗನ್ನು ಪರೀಕ್ಷಿಸುವ ತನಕ ಮಗಳಿಗೆ ನುಡಿಸಲು ಬಿಡಬೇಡಿ.

ಪ್ರಶ್ನೆ: ಅಮೆರಿಕದಲ್ಲಿರುವ ಭಾವ ತಮ್ಮ ಹಳೆಯ ಟ್ಯೂಬ್ ಆಂಪ್ಲಿಫೈಯರನ್ನು ನನಗೆ ತಂದುಕೊಟ್ಟಿದ್ದಾರೆ. ಅದು 120 ವೋಲ್ಟಿನದಾದ್ದರಿಂದ ಸ್ಟೆಪ್ ಡೌನ್ ಟ್ರಾನ್ಸ್‌ಫಾರ್ಮರ್ ಕೊಂಡು ನಡೆಸುತ್ತಿದ್ದೇನೆ. ಅಲ್ಲಿ ಇರದಿದ್ದ ಗುಂಯ್ ಇಲ್ಲಿ ಬರುತ್ತಿದೆ.
— ಮೈಸೂರಿನ ಓದುಗರು

ಉತ್ತರ: ನಿಮ್ಮ ಟ್ರಾನ್ಸ್‌ಫಾರ್ಮರಿನ ಎರಡೂ ಬದಿಯನ್ನು ನೋಡಿ. ಮಾರುಕಟ್ಟೆಯಲ್ಲಿ ಸಿಗುವ ಅನೇಕ ಪೆಟ್ಟಿಗೆಗಳಲ್ಲಿ ಔಟ್‌ಪುಟ್ ಸಾಕೆಟ್ಟಿಗೆ ಎರಡೇ ರಂಧ್ರ, ಇಲ್ಲವೇ ಮೂರನೆಯ ರಂಧ್ರವಿದ್ದರೂ ಅದರ ಹಿಂದೆ ವೈರಿಲ್ಲ. ಹಾಗಿದ್ದರೆ ನಿಮ್ಮ ಆಂಪಿನ ಲೋಹದ ಚಾಸಿಗೆ (ಒಳಚೌಕಟ್ಟಿಗೆ) ಅರ್ತ್ ಇಲ್ಲವೇ ಇಲ್ಲ, ಗುಂಯ್ ಎನ್ನುವುದಕ್ಕೆ ಅದೇ ಸಾಕು. ಅದಕ್ಕಿಂತ ದೊಡ್ಡ ಚಿಂತೆಯೆಂದರೆ ಒಳಗೆ ಏನಾದರೂ ಕೆಟ್ಟರೆ ಆ ಚಾಸಿಗೂ ಅದಕ್ಕೆ ಸೇರಿದ ನಿಮ್ಮ ಗಿಟಾರಿನ ತಂತಿಗಳಿಗೂ ನೇರವಾಗಿ ಕರೆಂಟು ಬರಬಹುದು. ಗೋಡೆಯ ಅರ್ತ್ ಅನ್ನು ಔಟ್‌ಪುಟ್ಟಿನ ಮೂರನೆಯ ಪಿನ್ನಿನವರೆಗೂ ಒಯ್ಯುವ, ಆಂಪಿಗೆ ಬೇಕಾದುದಕ್ಕಿಂತ ಸುಮಾರು ಎರಡು ಪಟ್ಟು ವ್ಯಾಟೇಜಿನ ಟ್ರಾನ್ಸ್‌ಫಾರ್ಮರನ್ನೇ ಬಳಸಿ, ಮತ್ತು ಅದನ್ನು ಗಿಟಾರ್, ಪೆಡಲ್‌ಗಳಿಂದ ದೂರ ಇಡಿ. ಆಂಪಿನ ಹಿಂದಿನ ಫಲಕದಲ್ಲಿ 50/60 ಹರ್ಟ್ಸ್ ಎಂದಿದೆಯೇ, ಬರೀ 60 ಎಂದಿದೆಯೇ ಎಂಬುದನ್ನೂ ಓದಿ. ಬರೀ 60 ಎಂದಿದ್ದರೆ ಅದರೊಳಗಿನ ಟ್ರಾನ್ಸ್‌ಫಾರ್ಮರ್ ನಮ್ಮ 50 ಹರ್ಟ್ಸ್‌ನಲ್ಲಿ ಹೆಚ್ಚು ಬಿಸಿಯಾಗುತ್ತದೆ. ವೋಲ್ಟೇಜು ಇಳಿಸಿದರೂ ಆವರ್ತನ ಬದಲಾಗುವುದಿಲ್ಲ. ಭಾವನವರು ಪೆಡಲ್ ಅಡಾಪ್ಟರನ್ನೂ ಕೊಟ್ಟಿದ್ದರೆ ಅದರ ಮೇಲೆ 100ರಿಂದ 240 ವೋಲ್ಟ್ ಎಂದು ಬರೆದಿದ್ದರೆ ಮಾತ್ರ ಇಲ್ಲಿನ ಗೋಡೆಗೆ ನೇರವಾಗಿ ಚುಚ್ಚಿ.

ಪ್ರಶ್ನೆ: ನಾಯ್ಸ್ ಗೇಟ್ ಪೆಡಲ್ ಕೊಂಡರೆ ಗುಂಯ್ ಸದ್ದು ಹೋಗುತ್ತದೆಯೇ?
— ಹುಬ್ಬಳ್ಳಿಯ ಓದುಗರು

ಉತ್ತರ: ಹೋಗುವುದಿಲ್ಲ, ನೀವು ನುಡಿಸದೆ ಇರುವಾಗ ಮುಚ್ಚಿಕೊಳ್ಳುತ್ತದೆ, ಅಷ್ಟೇ. ಸ್ವರ ಹೊರಡುವಾಗ ಗೇಟ್ ತೆರೆಯುತ್ತದೆ, ಅದರ ಜೊತೆಗೇ ಗುಂಯ್ ಕೂಡ ಬರುತ್ತದೆ, ಮತ್ತು ನೀಳವಾಗಿ ಎಳೆದ ಸ್ವರದ ಕೊನೆಯನ್ನು ಅದು ಕತ್ತರಿಸಿಬಿಡುತ್ತದೆ. ಬೇರೆಲ್ಲ ಸರಿಪಡಿಸಿದ ಮೇಲೂ ಹೆಚ್ಚು ಗೇನಿನ ಶಬ್ದ ಉಳಿದರೆ ಮಾತ್ರ ಕೊಳ್ಳಿ.

ಪ್ರಶ್ನೆ: ಗಣೇಶೋತ್ಸವದ ವೇದಿಕೆಗಳಲ್ಲಿ ನಾನು ಹಾಡುತ್ತಾ ಗಿಟಾರ್ ನುಡಿಸುತ್ತೇನೆ. ಪೆಡಲ್‌ಬೋರ್ಡಿನಿಂದ ಒಂದು ಕೇಬಲ್ ನನ್ನ ಆಂಪಿಗೆ, ಇನ್ನೊಂದು ಮಿಕ್ಸರಿಗೆ ಹೋಗುತ್ತದೆ. ಮಿಕ್ಸರಿಗೆ ಚುಚ್ಚಿದೊಡನೆ ಜೋರಾಗಿ ಗುಂಯ್ ಎನ್ನುತ್ತದೆ. ಸೌಂಡ್ ಸಿಸ್ಟಮ್ಮಿನವರು ಆಂಪಿನ ಪ್ಲಗ್ಗಿನ ಅರ್ತ್ ಪಿನ್ನನ್ನು ಮುರಿದುಹಾಕಿದರು, ಸದ್ದು ನಿಂತಿತು. ಆದರೆ ಈಗ ಒಮ್ಮೊಮ್ಮೆ ಮೈಕಿಗೆ ತುಟಿ ತಾಗಿದರೆ ಶಾಕ್ ಹೊಡೆಯುತ್ತದೆ.
— ಹಾಸನದ ಓದುಗರು

ಉತ್ತರ: ಈ ಉತ್ತರ ಅಚ್ಚಾಗುವವರೆಗೆ ಕಾಯುವಂತಿರಲಿಲ್ಲವಾದ್ದರಿಂದ ನಿಮಗೆ ಈಗಾಗಲೇ ಪ್ರತ್ಯೇಕವಾಗಿ ಬರೆದಿದ್ದೇವೆ, ಉಳಿದ ಓದುಗರಿಗಾಗಿ ಇಲ್ಲಿ ಮತ್ತೆ ಹೇಳುತ್ತೇವೆ. ಆ ಆಂಪನ್ನು ಹೊಸ ಮೂರು ಪಿನ್ನಿನ ಪ್ಲಗ್ ಹಾಕಿಸುವ ತನಕ ಬಳಸಬೇಡಿ.

ನಡೆದದ್ದು ಇಷ್ಟು. ನಿಮ್ಮ ಆಂಪು ಒಂದು ಸಾಕೆಟ್ಟಿನಲ್ಲಿ, ಮಿಕ್ಸರು ದೂರದ ಇನ್ನೊಂದರಲ್ಲಿ ಅರ್ತ್ ಆಗಿದ್ದವು. ಎರಡರ ನಡುವೆ ಗಿಟಾರ್ ಕೇಬಲಿನ ಹೊರಗವಚ ಮೂರನೆಯ ದಾರಿಯಾಗಿ ಸೇರಿಕೊಂಡು ಒಂದು ಉಂಗುರ ಪೂರ್ತಿಯಾಯಿತು. ಅದರಲ್ಲಿ ಹರಿಯುವ ಸಣ್ಣ ಕರೆಂಟು ನಿಮ್ಮ ಸಿಗ್ನಲ್ಲಿನ ಜೊತೆ ಬೆರೆತು ಗುಂಯ್ ಎಂದಿತು. ಇದೇ ಗ್ರೌಂಡ್ ಲೂಪ್. ಉಂಗುರವನ್ನು ಎಲ್ಲಾದರೂ ಒಂದು ಕಡೆ ಕತ್ತರಿಸಬೇಕಾದದ್ದು ನಿಜ, ಆದರೆ ಅವರು ಕತ್ತರಿಸಿದ್ದು ನಿಮ್ಮ ಜೀವವನ್ನು ಕಾಯುವ ವೈರನ್ನು. ಕತ್ತರಿಸಬೇಕಾದದ್ದು ಸಿಗ್ನಲ್ಲಿನ ದಾರಿಯಲ್ಲಿ. ಒಳಗೆ ಟ್ರಾನ್ಸ್‌ಫಾರ್ಮರ್ ಇರುವ, ಗಿಟಾರಿನ ಸಿಗ್ನಲ್ಲನ್ನು ಮಿಕ್ಸರಿಗೆ ಹೊಂದಿಸುವ ಡಿಐ ಬಾಕ್ಸ್ ಎಂಬ ಸಣ್ಣ ಪೆಟ್ಟಿಗೆಯನ್ನು ಪೆಡಲ್‌ಬೋರ್ಡ್ ಮತ್ತು ಮಿಕ್ಸರಿನ ನಡುವೆ ಇಟ್ಟು, ಅದರ ಮೇಲಿನ ಗ್ರೌಂಡ್ ಲಿಫ್ಟ್ ಸ್ವಿಚ್ಚನ್ನು ಒತ್ತಿದರೆ ಮಿಕ್ಸರ್ ಕಡೆಯ ಕವಚದ ಸಂಪರ್ಕ ಮಾತ್ರ ತಪ್ಪುತ್ತದೆ, ಸಂಗೀತ ದಾಟುತ್ತದೆ, ಪ್ಲಗ್ಗಿನ ಅರ್ತ್ ಹಾಗೆಯೇ ಉಳಿಯುತ್ತದೆ. ಡಿಐ ಬಾಕ್ಸ್ ಸಿಗದಿದ್ದರೆ ಆಂಪು, ಪೆಡಲ್‌ಗಳು, ಮಿಕ್ಸರು ಮೂರಕ್ಕೂ ಒಂದೇ ಸಾಕೆಟ್ಟಿನಿಂದ ಮೂರು ಪಿನ್ನಿನ ಎಕ್ಸ್‌ಟೆನ್ಷನ್ ಬೋರ್ಡಿನಲ್ಲಿ ಕರೆಂಟು ಕೊಡಿಸಿ. ಉಂಗುರ ಉಳಿದರೂ ಅದರ ಸುತ್ತಳತೆ ಕುಗ್ಗಿ ಸದ್ದು ಬಹುಪಾಲು ತಗ್ಗುತ್ತದೆ.

ಶಾಕ್ ಏಕೆ ಎಂದರೆ, ಅರ್ತ್ ಇಲ್ಲದ ಆಂಪಿನ ಚಾಸಿಯಲ್ಲಿ ಸೋರಿಕೆಯ ವೋಲ್ಟೇಜು ನಿಂತಿದೆ, ಅದು ಗಿಟಾರಿನ ತಂತಿಗಳ ಮೇಲೂ ಇದೆ. ಮೈಕ್ ಮಿಕ್ಸರಿನ ಮೂಲಕ ಅರ್ತ್ ಆಗಿದೆ. ಕೈ ತಂತಿಯ ಮೇಲೆ, ತುಟಿ ಮೈಕಿನ ಮೇಲೆ ಇದ್ದಾಗ ನಡುವಿನ ವೈರು ನೀವೇ, ಆ ದಾರಿ ಎದೆಯ ಮೂಲಕವೇ ಹಾಯುತ್ತದೆ. ಪ್ರಾಣ ಉಳಿಸಲೆಂದು ಮನೆಗಳಲ್ಲಿ ಹಾಕುವ ಆರ್‌ಸಿಸಿಬಿ 30 ಮಿಲಿಆಂಪಿಯರ್ ಸೋರಿಕೆಗೇ ಕರೆಂಟು ಕತ್ತರಿಸುವಂತೆ ಇರುತ್ತದೆ ಎಂದರೆ ಎಷ್ಟು ಕಡಿಮೆ ಸಾಕು ಎಂಬುದನ್ನು ಯೋಚಿಸಿ. ಬ್ರಿಟನ್ನಿನ ಸ್ಟೋನ್ ದ ಕ್ರೋಸ್ ತಂಡದ ಗಿಟಾರ್ ವಾದಕ ಲೆಸ್ ಹಾರ್ವೆ 1972ರ ಮೇ ತಿಂಗಳಲ್ಲಿ ವೇಲ್ಸ್‌ನ ಸ್ವಾನ್ಸಿ ನಗರದ ವೇದಿಕೆಯಲ್ಲಿ, ಸರಿಯಾಗಿ ಅರ್ತ್ ಆಗಿರದ ಮೈಕನ್ನು ಮುಟ್ಟಿ ಪ್ರೇಕ್ಷಕರ ಎದುರಿನಲ್ಲೇ ಪ್ರಾಣ ಕಳೆದುಕೊಂಡರು.

ಉತ್ಸವದ ವೇದಿಕೆಗಳು ಅನೇಕ ವೇಳೆ ಜನರೇಟರಿನ ಮೇಲೆ ನಡೆಯುತ್ತವೆ, ಮಳೆಗಾಲವಾದ್ದರಿಂದ ಹಲಗೆಯೂ ಒದ್ದೆಯಾಗಿರುತ್ತದೆ. ಜನರೇಟರಿಗೆ ಅರ್ತ್ ಸಲಾಕೆ ನೆಟ್ಟಿದ್ದಾರೆಯೇ ಎಂದು ಹಾಡುವ ಮೊದಲೇ ಕೇಳಿ, ಕೇಳಲು ಸಂಕೋಚಪಡಬೇಡಿ. ವೇದಿಕೆಯ ಸಾಕೆಟ್ಟಿನಲ್ಲಿ ಫೇಸ್ ಮತ್ತು ಅರ್ತ್ ನಡುವೆ 230ರ ಆಸುಪಾಸು, ನ್ಯೂಟ್ರಲ್ ಮತ್ತು ಅರ್ತ್ ನಡುವೆ ಒಂದೆರಡು ವೋಲ್ಟ್ ಬರಬೇಕು, ಇದನ್ನು ಎಲೆಕ್ಟ್ರಿಷಿಯನ್ನರಿಂದಲೇ ನೋಡಿಸಿ. ನೀವು ಸ್ವತಃ ಮಾಡಬಹುದಾದ ಪರೀಕ್ಷೆಯೂ ಒಂದಿದೆ. ಎಲ್ಲ ಉಪಕರಣಗಳೂ ಆನ್ ಆದ ಮೇಲೆ, ಮೈಕನ್ನಾಗಲಿ ಗಿಟಾರನ್ನಾಗಲಿ ಮುಟ್ಟುವ ಮೊದಲು, ಎಸಿ ವೋಲ್ಟಿಗೆ ತಿರುಗಿಸಿದ ಮಲ್ಟಿಮೀಟರಿನ ಒಂದು ಮೊನೆಯನ್ನು ಮೈಕಿನ ಜಾಲರಿಗೂ ಇನ್ನೊಂದನ್ನು ಗಿಟಾರಿನ ತಂತಿಗೂ, ಪ್ಲಾಸ್ಟಿಕ್ ಹಿಡಿಯಿಂದ ಬೆರಳು ಜಾರದಂತೆ ತಾಗಿಸಿ ಓದಿ. ಸೊನ್ನೆಯ ಹತ್ತಿರವಿದ್ದರೆ ಹಾಡಿ. ಒಂದೆರಡು ವೋಲ್ಟಿಗಿಂತ ಮೇಲೆ ತೋರಿದರೆ ಅದು ಸರಿಯಾಗುವವರೆಗೆ ಆ ವೇದಿಕೆಯನ್ನು ಹತ್ತಬೇಡಿ, ಕಾರ್ಯಕ್ರಮ ಎಷ್ಟೇ ತಡವಾಗಲಿ.